ಕೈಗೆ ಕೆಲಸ, ಬಾಯಿಗೆ ಪದ

ಆತ್ಮೀಯ ಕೇಳುಗರಿಗೆ ನಮಸ್ಕಾರ.

ಹಾಸನದ ನಮ್ಮ ಮನೆಯ ನಡುಮನೆಯಲ್ಲಿ ಪ್ರತಿ ತಿಂಗಳ ಎರಡನೆಯ ಶನಿವಾರ ಸಂಜೆ ಹತ್ತು ಹನ್ನೆರಡು ಮಂದಿ ಸೇರಿ ಪದ ಹೇಳುತ್ತೇವೆ. ‘ಹಾಡುತ್ತೇವೆ’ ಎನ್ನದೆ ‘ಹೇಳುತ್ತೇವೆ’ ಎಂದು ನಾನು ಬೇಕೆಂದೇ ಅಂದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಸೋಬಾನೆಯಾಗಲಿ ಬೀಸುವ ಪದವಾಗಲಿ ಹಾಡುವಂಥದ್ದಲ್ಲ, ಹೇಳುವಂಥದ್ದು. ‘ಒಂದು ಹಾಡು ಹಾಡಿ’ ಎಂದು ಕೇಳಿದರೆ ‘ನಮಗೆಲ್ಲಿ ಬರುತ್ತದೆ’ ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುವ ಹೆಂಗಸರೇ, ‘ಒಂದು ಪದ ಹೇಳಿ’ ಎಂದರೆ, ಯಾವ ಪದ ಎಂದು ತಿರುಗಿ ಕೇಳುತ್ತಾರೆ. ಇಷ್ಟು ಸಣ್ಣ ವ್ಯತ್ಯಾಸವು ಹೈಸ್ಕೂಲಿನಲ್ಲಿ ಬಹಳ ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದ ನನಗೆ ತಿಳಿಯುವ ಹೊತ್ತಿಗೆ ಎರಡು ಶನಿವಾರಗಳು ಹಾಳಾಗಿದ್ದವು.

ಮೊದಲನೆಯ ಸಲದ ನನ್ನ ಏರ್ಪಾಟನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಪಕ್ಕದ ಮನೆಯಿಂದಲೂ ಕುರ್ಚಿಗಳನ್ನು ತರಿಸಿ ಮೂರು ಸಾಲಾಗಿ ಹಾಕಿಸಿದ್ದೆ. ಎದುರಿಗೆ ಜಮಖಾನೆ, ಅದರ ಮೇಲೊಂದು ಹಾರ್ಮೋನಿಯಂ, ಅದನ್ನು ನುಡಿಸಲು ಸುಗಮ ಸಂಗೀತ ಬಲ್ಲ ಗೆಳತಿ. ಹದಿನಾಲ್ಕು ಪದಗಳನ್ನು ಪುಸ್ತಕಗಳಿಂದ ಆರಿಸಿ, ಜೆರಾಕ್ಸ್ ಮಾಡಿಸಿ, ಪಿನ್ನು ಹೊಡೆಸಿ, ಬಂದವರಿಗೆಲ್ಲ ಪ್ರಶ್ನೆಪತ್ರಿಕೆಯಂತೆ ಹಂಚಿದೆ. ಎಲ್ಲರಿಗೂ ಗೊತ್ತಿದ್ದ ಎರಡು ಮೂರು ಗೀತೆಗಳಾದವು, ಚಪ್ಪಾಳೆಯೂ ಆಯಿತು, ಆಮೇಲೆ ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತೆವು. ಪಿ. ಕಾಳಿಂಗರಾಯರಂಥ ದೊಡ್ಡ ಗಾಯಕರು ಹಳ್ಳಿಯ ಪದಗಳನ್ನು ವೇದಿಕೆಗೂ ಬಾನುಲಿಗೂ ತಂದರು, ಪಟ್ಟಣದಲ್ಲಿ ಬೆಳೆದ ನನ್ನಂಥವರಿಗೆ ಅವುಗಳ ರುಚಿ ಹತ್ತಿಸಿದರು. ಆ ಋಣ ದೊಡ್ಡದು. ಆದರೆ ಹಾಗೆ ಕೇಳಿ ಬೆಳೆದುದರಿಂದಲೇ, ಪದವೆಂದರೆ ಒಬ್ಬರು ಹಾಡಿ ಉಳಿದವರು ಕೇಳಬೇಕಾದದ್ದು ಎಂಬ ಎಣಿಕೆ ನನ್ನ ತಲೆಯಲ್ಲಿ ಬೇರೂರಿತ್ತು.

ಹಾರ್ಮೋನಿಯಂ ಇನ್ನೊಂದು ತೊಡಕು ತಂದಿತು. ಗೆಳತಿ ಐದು ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಐದನೆಯ ಬಿಳಿ ಮನೆಯಷ್ಟು ಎತ್ತರದ ಸ್ವರ, ಹಿಡಿದಳು. ನಮ್ಮಲ್ಲಿ ಕೆಲವರ ದನಿ ಅಷ್ಟು ಮೇಲೇರುವುದಿಲ್ಲ, ಗಂಡಸರಿಗಂತೂ ಅದು ಕೊರಳು ಹಿಸುಕಿದ ಹಾಗೆ. ಹಳ್ಳಿಯಲ್ಲಿ ಪದ ಹೇಳುವಾಕೆ ಯಾವ ಮನೆಯನ್ನೂ ಕೇಳಿಕೊಂಡು ಶುರು ಮಾಡುವುದಿಲ್ಲ. ತನ್ನ ಕೊರಳು ಆ ಹೊತ್ತಿಗೆ ಎಲ್ಲಿ ಕುಳಿತಿದೆಯೋ ಅಲ್ಲಿಂದ ಎತ್ತಿಕೊಳ್ಳುತ್ತಾಳೆ. ಪದ ಬೆಳೆಯುತ್ತ ಹುರುಪು ಏರಿದಂತೆ ಶ್ರುತಿಯೂ ಒಂದಿಷ್ಟು ಏರುತ್ತದೆ, ಜೊತೆಯವರೂ ಅರಿವಿಲ್ಲದೆ ಏರುತ್ತಾರೆ. ಹಾರ್ಮೋನಿಯಂ ಮಾತ್ರ ಕುಳಿತಲ್ಲೇ ಕುಳಿತಿರುತ್ತದೆ.

ಎರಡನೆಯ ಸಲ ಬಂದವರು ಐದೇ ಮಂದಿ. ಅದನ್ನು ಬಿಟ್ಟುಬಿಡೋಣ.

ಮೂರನೆಯ ಸಲ ಧನುರ್ಮಾಸ, ಅವರೆಕಾಯಿಯ ಕಾಲ. ಮರುದಿನ ತಂಗಿಯ ಮನೆಯವರೆಲ್ಲ ಊಟಕ್ಕೆ ಬರುವವರಿದ್ದರು. ಹಿತಕಿದ ಬೇಳೆಯ ಸಾರು ಮಾಡಬೇಕೆಂದು ಹದಿನೈದು ಕೆ.ಜಿ. ಅವರೆಕಾಯಿ ತರಿಸಿ ನಡುಮನೆಯಲ್ಲಿ ಸುರಿದಿದ್ದೆ. ಪದ ಹೇಳುವ ಶನಿವಾರವೂ ಅದೇ ಎಂಬುದು ಮರೆತೇಹೋಗಿತ್ತು. ಗೆಳೆಯರು ಬಂದರು, ಕುರ್ಚಿ ಹಾಕಲು ಜಾಗವಿಲ್ಲ. ಒಬ್ಬೊಬ್ಬರಾಗಿ ರಾಶಿಯ ಸುತ್ತ ಕುಳಿತು ಕಾಯಿಗೆ ಕೈಹಾಕಿದರು. ಒಳ್ಳೆಯ ಸೊಗಡಿನ ಕಾಯಿ, ಸುಲಿದ ಬೆರಳಿಗೆಲ್ಲ ಜಿಡ್ಡು ಅಂಟುತ್ತಿತ್ತು. ನಡುವೆ ಒಂದೊಂದು ಹಸಿರು ಹುಳು ಹೊರಬಂದಾಗ ಮಕ್ಕಳ ಕಿರುಚಾಟ. ಆ ಹೊತ್ತಿಗೆ ನಮ್ಮ ಮನೆಗೆ ಹಾಲು ಹಾಕುವ ಅಜ್ಜಿ ಬಂದರು. ಹಿಂದಿನ ಎರಡು ಸಲವೂ ಕರೆದಿದ್ದೆ. ಬಂದು, ಬಾಗಿಲ ಬಳಿ ನಿಂತು, ಕುರ್ಚಿಗಳ ಸಾಲು ನೋಡಿ ಹೊರಟುಹೋಗಿದ್ದರು. ಈ ಸಲ ‘ಇಷ್ಟೊಂದು ಕಾಯಾ, ಟೀಚರಮ್ಮ’ ಎನ್ನುತ್ತ ಯಾರೂ ಹೇಳದೆಯೇ ಕುಳಿತು ಮೊರವನ್ನು ಎಳೆದುಕೊಂಡರು. ಕಾಲು ಗಂಟೆಯೂ ಕಳೆದಿರಲಿಕ್ಕಿಲ್ಲ. ಮೊದಲು ಮೂಗಿನಲ್ಲೇ ಒಂದು ಗುಂಯ್‌ಗುಟ್ಟುವಿಕೆ, ಅದರ ಹಿಂದೆ ಒಂದು ಸಾಲು, ಅದರ ಹಿಂದೆ ಮತ್ತೊಂದು. ಯಾರೂ ತಲೆಯೆತ್ತಲಿಲ್ಲ. ಎತ್ತಿ ನೋಡಿದ್ದರೆ ಅವರು ನಿಲ್ಲಿಸಿಬಿಡುತ್ತಿದ್ದರೆಂದು ನಮ್ಮೆಲ್ಲರಿಗೂ ಹೇಗೋ ಗೊತ್ತಿತ್ತು. ಮೂರನೆಯ ಪದದ ಹೊತ್ತಿಗೆ ಸೊಲ್ಲು, ಅಂದರೆ ಸಾಲಿನ ಕೊನೆಗೆ ಮರಳಿ ಬರುವ ಮಾತು, ಹಿಡಿದುಕೊಂಡವರು ನಾಲ್ವರು. ಎಲ್ಲ ಮುಗಿದಾಗ ಮೂರು ಗಂಟೆ ಕಳೆದಿತ್ತು, ಕಾಯಿಯ ರಾಶಿ ಸಿಪ್ಪೆಯ ರಾಶಿಯಾಗಿತ್ತು.

‘ಅಲ್ಲ ಅಜ್ಜಿ, ಹೋದ ತಿಂಗಳು ಎಷ್ಟು ಕೇಳಿಕೊಂಡೆ, ಒಂದೂ ಹೇಳಲಿಲ್ಲವಲ್ಲ’ ಎಂದೆ. ಅವರೆಂದ ಮಾತನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಹೇಳುತ್ತೇನೆ. ‘ಕೈ ಸುಮ್ಕಿದ್ರೆ ಬಾಯಿ ಬರಾಕಿಲ್ಲ ಕಣವ್ವ. ಕಲ್ಲು ತಿರುಗ್ತಿದ್ರೆ ಪದ ತಾನೇ ಉದುರ್ತಿತ್ತು, ಹಿಟ್ಟು ಉದುರ್ದಂಗೆ.’

ನಮ್ಮ ಕೂಟದ ರೀತಿಯೆಲ್ಲ ಆ ಮಾತಿನಿಂದಲೇ ಬದಲಾಯಿತು. ಯೋಚಿಸಿ ನೋಡಿದರೆ ಅದು ನಾನು ತರಗತಿಯಲ್ಲಿ ಬಾಯಿಪಾಠವಾಗಿ ಹೇಳುತ್ತಿದ್ದ ಸಂಗತಿಯೇ. ರಾಗಿ ಬೀಸುವಾಗ ಎದುರುಬದುರು ಕುಳಿತ ಇಬ್ಬರು ಒಂದೇ ಗೂಟ ಹಿಡಿದು ಕಲ್ಲು ತಿರುಗಿಸುತ್ತಾರೆ. ಕಲ್ಲಿನ ಒಂದು ಸುತ್ತು ಎಷ್ಟು ಹೊತ್ತು ಹಿಡಿಯುತ್ತದೆಯೋ ಅದೇ ಪದದ ಲಯ. ಕುಟ್ಟುವ ಪದಕ್ಕೆ ಒನಕೆಯ ಏಟೇ ತಾಳ. ಗದ್ದೆಯಲ್ಲಿ ನಾಟಿಗೆ ಬಾಗಿದವರಿಗೆ ಹೆಜ್ಜೆ ಹಿಂದಿಡುವುದೇ ತಾಳ. ಗಿರಣಿ ಬಂದು ಬೀಸುವ ಕಲ್ಲು ಹಿತ್ತಿಲಿನ ತೆಂಗಿನ ಬುಡ ಸೇರಿದ ಮೇಲೆ ಪದಗಳು ಮರೆತವೆಂದು ನಾವು ಹೇಳುತ್ತೇವೆ. ಅಜ್ಜಿಯ ತಲೆಯಲ್ಲಿ ಅವು ಮರೆತಿರಲಿಲ್ಲ, ಹೊರಗೆ ಬರಲು ದಾರಿಯಿಲ್ಲದೆ ಕುಳಿತಿದ್ದವು. ಮನೆಯಲ್ಲಿ ಇಂಥ ಕೂಟ ನಡೆಸಬಯಸುವವರು ಮೊದಲು ಹುಡುಕಬೇಕಾದದ್ದು ಹಾಡುಗಾರರನ್ನಲ್ಲ, ಹತ್ತು ಕೈಗಳು ಮಾತಿಲ್ಲದೆ ಮಾಡಬಹುದಾದ ಕೆಲಸವನ್ನು ಎಂದು ನಾನು ಈಗ ನಂಬಿದ್ದೇನೆ. ಹೂ ಕಟ್ಟುವುದು ಆಗುತ್ತದೆ, ಅಕ್ಕಿ ಆರಿಸುವುದು ಆಗುತ್ತದೆ, ಹತ್ತಿಯ ಬತ್ತಿ ಹೊಸೆಯುವುದು ಬಹಳ ಚೆನ್ನಾಗಿ ಆಗುತ್ತದೆ. ತರಕಾರಿ ಹೆಚ್ಚುವುದು ಬೇಡ. ಕಣ್ಣು ಕತ್ತಿಯ ಮೇಲಿದ್ದರೆ ಕಿವಿ ಜೊತೆಯವರ ಮೇಲೆ ಇರುವುದಿಲ್ಲ.

ಈಗ ಕುರ್ಚಿಗಳಿಲ್ಲ. ಚಾಪೆಗಳನ್ನು ದುಂಡಗೆ ಹಾಸುತ್ತೇವೆ. ಪ್ರತಿಯೊಬ್ಬರಿಗೂ ಪದ ಹೇಳುವವರ ತುಟಿ ಕಾಣಬೇಕು, ಅಷ್ಟೇ ಅಳತೆ. ಆರು ಮಂದಿಗಿಂತ ಕಡಿಮೆಯಾದರೆ ಸೊಲ್ಲು ಬಡವಾಗುತ್ತದೆ, ಹದಿನೈದಕ್ಕಿಂತ ಹೆಚ್ಚಾದರೆ ಹಿಂದೆ ಕುಳಿತವರು ಪ್ರೇಕ್ಷಕರಾಗಿಬಿಡುತ್ತಾರೆ. ಮೈಕು ಇಲ್ಲ. ಆದ್ದರಿಂದ ನೆರೆಯವರ ತಕರಾರೂ ಇಲ್ಲ; ಎದುರು ಮನೆಯ ನಿವೃತ್ತ ಗುಮಾಸ್ತರು ಒಮ್ಮೆ ದೂರು ಹೇಳಲೆಂದೇ ಬಂದವರು ಬತ್ತಿ ಹೊಸೆಯುತ್ತ ಕುಳಿತರು, ಈಗ ತಪ್ಪದೆ ಬರುತ್ತಾರೆ.

ಸೊಲ್ಲಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಒಬ್ಬರು ಪದ ಹೇಳುತ್ತಾರೆ, ಉಳಿದವರು ಪ್ರತಿ ಸಾಲಿನ ಕೊನೆಗೆ ಬರುವ ಸೊಲ್ಲನ್ನು, ಅದು ಸೋಬಾನೆಯಾಗಿರಲಿ, ಸುವ್ವಿಯಾಗಿರಲಿ, ತಂದಾನವಾಗಿರಲಿ, ಹಿಡಿದುಕೊಳ್ಳುತ್ತಾರೆ. ಓದಿದವರಾದ ನಾವು ಇಲ್ಲಿ ಒಂದು ತಪ್ಪು ಮಾಡುತ್ತೇವೆ: ಹೇಳುವವರು ಪೂರ್ತಿ ಮುಗಿಸಲಿ ಎಂದು ಮರ್ಯಾದೆಯಿಂದ ಕಾಯುತ್ತೇವೆ. ಆ ಮರ್ಯಾದೆಯೇ ಪದವನ್ನು ಕೊಲ್ಲುತ್ತದೆ. ಹೇಳುವವರ ಕೊನೆಯ ಅಕ್ಷರ ಇನ್ನೂ ಬಾಯಲ್ಲಿರುವಾಗಲೇ ಸೊಲ್ಲು ಅದರ ಮೇಲೆ ಬಂದು ಬೀಳಬೇಕು. ಸೊಲ್ಲಿನ ಬಾಲ ಇನ್ನೂ ಆರದಿರುವಾಗ ಮುಂದಿನ ಸಾಲು ಎದ್ದಿರಬೇಕು. ಎಲ್ಲಿಯೂ ದನಿ ನಿಲ್ಲಬಾರದು. ಹೀಗಿದ್ದಾಗ ಹೇಳುವವರಿಗೆ ಉಸಿರು ಎಳೆದುಕೊಳ್ಳಲು ಪುರಸೊತ್ತು ಸಿಗುತ್ತದೆ, ಮುಂದಿನ ಸಾಲು ನೆನಪಿಗೆ ಬರಲೂ ಸಿಗುತ್ತದೆ.

ತ್ರಿಪದಿಯಲ್ಲಿ ಈ ಉಪಾಯ ಇನ್ನೂ ಸೊಗಸಾಗಿದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ, ಅಂದರೆ ಸುಮಾರು 700ನೆಯ ಇಸವಿಯಷ್ಟು ಹಿಂದೆಯೇ, ಕಾಣಸಿಗುವ ಈ ಮಟ್ಟು ಬೀಸುವ ಪದಗಳಲ್ಲಿ ಇಂದಿಗೂ ಬದುಕಿದೆ. ಪುಸ್ತಕದಲ್ಲಿ ಅದಕ್ಕೆ ಮೂರೇ ಸಾಲು. ಹೇಳುವಾಗ ಮೊದಲ ಸಾಲು, ಎರಡನೆಯ ಸಾಲು, ಮತ್ತೆ ಎರಡನೆಯದಕ್ಕೇ ಹಿಂದಿರುಗಿ, ಅಲ್ಲಿಂದ ಮೂರನೆಯದಕ್ಕೆ ಇಳಿಯುತ್ತಾರೆ. ಹಾಗಾಗಿ ಕಣ್ಣಿಗೆ ಮೂರಾದದ್ದು ಕಿವಿಗೆ ನಾಲ್ಕು. ಆ ಹಿಂದಿರುಗುವಿಕೆ ಅಲಂಕಾರಕ್ಕೆಂದು ನಾನು ತಿಳಿದಿದ್ದೆ. ಸ್ವತಃ ಹೇಳಲು ಹೊರಟ ಮೇಲೆ ಗೊತ್ತಾಯಿತು: ಪದದ ಜೀವ ಇರುವುದು ಮೂರನೆಯ ಸಾಲಿನಲ್ಲಿ, ಕೇಳುವವರನ್ನು ಅಷ್ಟು ಹೊತ್ತು ಕಾಯಿಸಿದರೇ ಅದಕ್ಕೆ ಬೆಲೆ. ಜೊತೆಗೆ, ಆ ಸಾಲು ಮರೆತಿದ್ದರೆ ನೆನೆಸಿಕೊಳ್ಳಲು ಒಂದು ಸುತ್ತಿನ ಬಿಡುವು. ಒಂದು ಧಾಟಿ ಕೈವಶವಾದರೆ ಅದೇ ಧಾಟಿಯಲ್ಲಿ ಎಷ್ಟು ತ್ರಿಪದಿಗಳನ್ನಾದರೂ ಹೇಳಬಹುದು. ಆದ್ದರಿಂದ ಹೊಸಬರಿಗೆ ನಾವು ಹತ್ತು ಪದ ಕಲಿಸುವುದಿಲ್ಲ, ಒಂದು ಧಾಟಿ ಕಿವಿಗೆ ಬೀಳುವಂತೆ ಮಾಡುತ್ತೇವೆ.

ಎಲ್ಲ ಪದಗಳೂ ಕುಳಿತು ಹೇಳುವಂಥವಲ್ಲ ಎಂಬುದನ್ನು ಕೊಪ್ಪದ ಕಡೆಯ ಗೆಳೆಯರೊಬ್ಬರಿಂದ ಕಲಿತೆವು. ಚಿಕ್ಕಮಗಳೂರಿನ ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯವರು, ಅಂದರೆ ಹಬ್ಬದ ಪದ ಹೇಳುವ ತಂಡದವರು, ದೀಪ ಹಿಡಿದು ಮನೆಯಿಂದ ಮನೆಗೆ ಹೋಗುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆದು, ಅಕ್ಕಿ ಕಾಸು ಕೊಟ್ಟು ಕಳಿಸುತ್ತಾರೆ. ಹುಡುಗನಾಗಿದ್ದಾಗ ಆ ತಂಡದ ಜೊತೆ ತೋಟದ ದಾರಿಗಳಲ್ಲಿ ತಿರುಗಿದವರು ಅವರು. ನಮ್ಮ ಚಾಪೆಯ ಮೇಲೆ ಕುಳಿತು ಒಂದು ಪದ ಎತ್ತಿದರು. ಎರಡು ಸಾಲಿಗೆ ತಡವರಿಸಿತು. ಮತ್ತೆ ಎತ್ತಿದರು, ಮತ್ತೆ ಅಲ್ಲೇ ಕಟ್ಟಿತು. ಆಮೇಲೆ ತಟಕ್ಕನೆ ಎದ್ದು, ನಡುಮನೆಯಿಂದ ಜಗಲಿಗೆ, ಜಗಲಿಯಿಂದ ನಡುಮನೆಗೆ, ಒಂದು ಕೈಯನ್ನು ದೀಪಕ್ಕೆ ಗಾಳಿ ತಾಗದಂತೆ ಮರೆಮಾಡುವ ಹಾಗೆ ಎದೆಯ ಮುಂದೆ ಹಿಡಿದು ನಡೆಯುತ್ತ ಪೂರ್ತಿ ಹೇಳಿದರು. ಕೈಯಲ್ಲಿ ದೀಪವಿರಲಿಲ್ಲ. ಇದ್ದ ಹಾಗೆ ನಮ್ಮ ಮಕ್ಕಳು ಅವರಿಗೆ ದಾರಿ ಬಿಟ್ಟರು. ಹಬ್ಬವಲ್ಲದ ದಿನ ಇದನ್ನು ಇನ್ನೊಮ್ಮೆ ಹೇಳುವುದಿಲ್ಲ ಎಂದು ಕೊನೆಗೆ ಅವರು ಅಂದರು, ನಾವೂ ಒತ್ತಾಯಿಸಲಿಲ್ಲ. ಕೆಲವು ಪದಗಳಿಗೆ ಹೊತ್ತುಗೊತ್ತು ಇದೆ. ಅದನ್ನು ಹೇಳುವವರು ಬಲ್ಲರು.

ಮೊಬೈಲಿನ ಮಾತಿಗೆ ಬರುತ್ತೇನೆ. ಯಾರಾದರೂ ಪದ ಎತ್ತಿದ ಕೂಡಲೇ ನಾಲ್ಕು ಮೊಬೈಲುಗಳು ಮೇಲೇಳುವುದು ಇಂದಿನ ರೂಢಿ. ಸಂಗ್ರಹದ ಕೆಲಸವನ್ನು ನಾನು ಹಗುರವಾಗಿ ಕಾಣುವವಳಲ್ಲ. ಹಲಸಂಗಿ ಗೆಳೆಯರ ಜನಪದ ಗೀತೆಗಳ ಸಂಗ್ರಹ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಗದಿದ್ದರೆ, ಹೇಮಾವತಿಯ ದಡದ ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಳ್ಳಿಯ ಹಾಡುಗಳನ್ನು ಕೂಡಿಹಾಕದಿದ್ದರೆ, ಎಚ್.ಎಲ್. ನಾಗೇಗೌಡರು ಹಟ ಹಿಡಿದು ರಾಮನಗರದಲ್ಲಿ ಜಾನಪದ ಲೋಕ ಕಟ್ಟದಿದ್ದರೆ, ನಾನು ತರಗತಿಯಲ್ಲಿ ಏನನ್ನು ಪಾಠ ಹೇಳುತ್ತಿದ್ದೆ? ಆದರೆ ಸಂಗ್ರಹಕಾರರ ಕೆಲಸ ಬೇರೆ, ಮನೆಯ ಕೂಟದ ಕೆಲಸ ಬೇರೆ. ಮೊಬೈಲು ಕಂಡ ಕೂಡಲೇ ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಾರೆ, ದನಿ ಗಟ್ಟಿಮಾಡುತ್ತಾರೆ, ಪದ ಮೊಟಕುಮಾಡುತ್ತಾರೆ. ಅದಕ್ಕೇ ನಮ್ಮಲ್ಲಿ ಮೊಬೈಲುಗಳೆಲ್ಲ ಅಡುಗೆಮನೆಯ ಕಟ್ಟೆಯ ಮೇಲಿರುತ್ತವೆ. ಯಾರಿಗಾದರೂ ಒಂದು ಪದ ಬೇಕೇಬೇಕಾದರೆ ಇನ್ನೊಂದು ದಿನ ಅವರ ಮನೆಗೇ ಹೋಗಿ, ಕೇಳಿ, ಒಪ್ಪಿದರೆ ಧ್ವನಿಮುದ್ರಿಸಿಕೊಳ್ಳಬಹುದು.

ನನ್ನದೇ ಇನ್ನೊಂದು ತಪ್ಪನ್ನು ಹೇಳಿಬಿಡುತ್ತೇನೆ. ಒಂದು ಸಂಜೆ ಅಜ್ಜಿ ಹೇಳಿದ ಪದದ ಒಂದು ಮಾತು ಪುಸ್ತಕದಲ್ಲಿ ಬೇರೆ ಇತ್ತು. ಪಾಠ ಹೇಳಿದ ಚಟ, ಬಾಯಿ ತಡೆಯದೆ ತಿದ್ದಿದೆ. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿ, ‘ನಿಮ್ ಬುಕ್ಕಲ್ಲಿರೋದ ನೀವೇ ಯೋಳ್ಕಳಿ’ ಎಂದು ಸುಮ್ಮನಾದರು. ಎರಡು ತಿಂಗಳು ಹಾಲು ಬಂತು, ಅಜ್ಜಿ ಬರಲಿಲ್ಲ. ಮೊಮ್ಮಗನ ಕೈಲಿ ಕಳಿಸುತ್ತಿದ್ದರು. ಅವರ ಮಾತೂ ಸರಿ, ಪುಸ್ತಕದ್ದೂ ಸರಿ. ಹತ್ತು ಬಾಯಿ ಹಾದು ಬಂದ ಪದಕ್ಕೆ ಒಂದೇ ಪಾಠ ಇರುವುದಿಲ್ಲ ಎಂಬುದನ್ನೂ ನಾನು ಮಕ್ಕಳಿಗೆ ಬರೆಸಿದ್ದೆನಲ್ಲ! ಕೊನೆಗೆ ನಾನೇ ಅವರ ಕೊಟ್ಟಿಗೆಯ ಬಾಗಿಲಿಗೆ ಹೋಗಿ, ಆ ಪದವನ್ನು ಅವರು ಹೇಳಿದ ಹಾಗೆಯೇ ಹೇಳಿ ಒಪ್ಪಿಸಿದೆ. ನಕ್ಕರು. ಧಾಟಿ ಕೆಟ್ಟಿದೆ ಎಂದರು. ಮುಂದಿನ ಶನಿವಾರ ಬಂದರು.

ತಿಂಡಿಯ ವಿಚಾರದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಹುರಿಗಾಳು, ಮಂಡಕ್ಕಿ, ಕಾಫಿ ಸಾಕು. ಕರಿದದ್ದು ಮಾಡಹೊರಟರೆ ಮನೆಯ ಹೆಂಗಸರು ಒಲೆಯ ಮುಂದೆ ಸಿಕ್ಕಿಕೊಳ್ಳುತ್ತಾರೆ, ಪದ ಗೊತ್ತಿರುವುದು ಬಹಳ ಸಲ ಅವರಿಗೇ. ಒಂಬತ್ತು ಗಂಟೆಗೆ ಮುಗಿಸುತ್ತೇವೆ ಎಂದು ಹೇಳುತ್ತೇವೆ, ಮುಗಿದದ್ದು ಕಡಿಮೆ.

ಈಗ ಅವರೆ ಮುಗಿದಿದೆ, ಹುಣಸೆಹಣ್ಣಿನ ಕಾಲ ಬಂದಿದೆ. ಈ ತಿಂಗಳಿಗೆಂದು ಅರ್ಧ ಮೂಟೆ ಹಣ್ಣು ತರಿಸಿ ಬಿಸಿಲಿಗೆ ಹರವಿದ್ದೇನೆ. ಅವರೆ ಸುಲಿಯುವುದು ಸದ್ದಿಲ್ಲದ ಕೆಲಸ. ಹುಣಸೆ ಬಡಿದು ಬೀಜ ಬಿಡಿಸುವುದಕ್ಕೆ ಕೊಡತಿಯ ಏಟು ಬೇಕು, ಏಟು ಬಿದ್ದರೆ ಪದದ ನಡಿಗೆಯೂ ಬೇರೆಯಾಗಲೇಬೇಕು. ಯಾವ ಪದಗಳು ಬಂದಾವು ಎಂದು ನಿನ್ನೆ ಅಜ್ಜಿಯನ್ನು ಕೇಳಿದೆ. ‘ಬಡಿದು ನೋಡಾನ, ತಕ್ಕಳಿ’ ಎಂದು ಹಾಲಿನ ಕ್ಯಾನು ಎತ್ತಿಕೊಂಡು ಹೋದರು.

ನಮಸ್ಕಾರ.