ಅಸಾಧ್ಯಕ್ಕೂ ಒಂದು ಕಟ್ಟುಪಾಡು

ಕೇಳುಗರಿಗೆ ನಮಸ್ಕಾರ.

ಅದ್ಭುತ ಕಥೆಗಳನ್ನು ಬರೆಯುವವರಿಗೆ ಯಾವ ಕಟ್ಟುಪಾಡೂ ಇಲ್ಲ, ತೋಚಿದ್ದನ್ನು ಬರೆದರಾಯಿತು ಎಂದು ನಾನು ಬಹುಕಾಲ ತಿಳಿದಿದ್ದೆ. ಆ ತಿಳಿವಳಿಕೆಯನ್ನು ಮೊದಲು ಅಲುಗಿಸಿದವರು ಎಚ್. ಜಿ. ವೆಲ್ಸ್. 1895ರಲ್ಲಿ ಪ್ರಕಟವಾದ ಅವರ ‘ದಿ ಟೈಮ್ ಮೆಷಿನ್’ ಕಾದಂಬರಿಯ ನಾಯಕನು 8,02,701ನೆಯ ಇಸವಿಗೆ ಹೋಗಿ ಮರಳುತ್ತಾನೆ. ಮರಳಿದವನು ಕುಂಟುತ್ತಿರುತ್ತಾನೆ, ಹಸಿದಿರುತ್ತಾನೆ, ಕಥೆ ಹೇಳುವ ಮೊದಲು ಊಟ ಕೇಳುತ್ತಾನೆ. ಅವನ ಜೇಬಿನಲ್ಲಿ ಬಾಡಿದ ಎರಡು ಬಿಳಿಯ ಹೂಗಳಿರುತ್ತವೆ. ಯಂತ್ರವನ್ನು ನಂಬದ ನಾನು ಆ ಹೂಗಳನ್ನು ನಂಬಿಬಿಟ್ಟೆ.

ಆರ್ಥರ್ ಸಿ. ಕ್ಲಾರ್ಕ್ ಅವರ ಕಟ್ಟುಪಾಡು ಭೌತಶಾಸ್ತ್ರದ್ದು. 1956ರಿಂದ ಶ್ರೀಲಂಕೆಯಲ್ಲಿ ನೆಲೆಸಿದ್ದ ಅವರು, 1979ರ ಒಂದು ಕಾದಂಬರಿಯಲ್ಲಿ ಸುಮಾರು 36,000 ಕಿಲೋಮೀಟರ್ ಎತ್ತರದ ಕಕ್ಷೆಗೆ ಲಿಫ್ಟ್ ಕಟ್ಟಿಸಲು ಹೊರಡುತ್ತಾರೆ. ಅದರ ಬುಡ ಸಮಭಾಜಕ ವೃತ್ತದ ಮೇಲಿರಬೇಕು, ಲಂಕೆಯೋ ಅದರ ಉತ್ತರಕ್ಕಿದೆ. ಅವರು ಪ್ರಕೃತಿಯ ನಿಯಮವನ್ನು ಮುಟ್ಟದೆ, ದ್ವೀಪವನ್ನೇ 800 ಕಿಲೋಮೀಟರ್ ದಕ್ಷಿಣಕ್ಕೆ ಸರಿಸಿ, ಹಾಗೆ ಸರಿಸಿದ್ದನ್ನು ಓದುಗರ ಮುಂದೆ ಒಪ್ಪಿಕೊಳ್ಳುತ್ತಾರೆ! ಅವರ ಪಾತ್ರಗಳು ನನಗೆ ಮರೆತುಹೋಗುತ್ತವೆ, ಲಿಫ್ಟು ಮರೆಯುವುದಿಲ್ಲ.

ನಾನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವುದು ಮಾತ್ರ ಅಮೆರಿಕದ ಉರ್ಸುಲಾ ಲೆ ಗ್ವಿನ್ ಅವರನ್ನು. 1968ರಲ್ಲಿ ಬಂದ ಅವರ ಕಾದಂಬರಿಯ ‘ಅರ್ತ್‌ಸೀ’ ಎಂಬ ದ್ವೀಪಸಮೂಹದಲ್ಲಿ, ಯಾವುದರ ನಿಜನಾಮ ತಿಳಿಯಿತೋ ಅದರ ಮೇಲೆ ಅಧಿಕಾರ ದೊರೆಯುತ್ತದೆ. ಆದ್ದರಿಂದ ಜನರು ತಮ್ಮ ನಿಜವಾದ ಹೆಸರನ್ನು ತೀರ ನಂಬಿಕಸ್ತರಿಗಲ್ಲದೆ ಹೇಳುವುದಿಲ್ಲ. ತೊಟ್ಟಿಲ ಶಾಸ್ತ್ರದಲ್ಲಿ ಮಗುವಿನ ಕಿವಿಯಲ್ಲಿ ಹೆಸರುಸುರುವುದನ್ನೂ ಗಂಡನ ಹೆಸರೆತ್ತಲು ಒಡಪಿನ ಮೊರೆಹೋಗುವ ಹೆಂಗಸರನ್ನೂ ಕಂಡು ಬೆಳೆದ ನನಗೆ ಇದು ಪರದೇಶದ ಮಾತೆನಿಸಲಿಲ್ಲ. ಅಲ್ಲಿ ಮಂತ್ರಕ್ಕೂ ಬೆಲೆಯುಂಟು: ಒಂದು ದ್ವೀಪಕ್ಕೆ ಕರೆದ ಮಳೆ ಇನ್ನೊಂದರ ಬರವಾದೀತು.

ಮರುವರ್ಷ ಬಂದ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಕಾದಂಬರಿಯ ಹಿಮಗ್ರಹದಲ್ಲಿ ಯಾರೂ ಸದಾಕಾಲಕ್ಕೆ ಗಂಡಲ್ಲ, ಹೆಣ್ಣೂ ಅಲ್ಲ. ಇಂಗ್ಲಿಷಿನಲ್ಲಿ ಅವರೆಲ್ಲರನ್ನೂ ‘ಅವನು’ ಎಂದೇ ಬರೆದ ಲೇಖಕಿ, ಮುಂದೆ ಆ ಆಯ್ಕೆಯನ್ನು ತಾವೇ ಟೀಕಿಸಿಕೊಂಡರು. ಕನ್ನಡದಲ್ಲಾದರೆ ‘ಅವರು ಬಂದರು’ ಎಂದರೆ ಸಾಕು, ಬಂದವರು ಗಂಡೋ ಹೆಣ್ಣೋ ಎಂಬ ಪ್ರಶ್ನೆಯೇ ಏಳುವುದಿಲ್ಲವೆಂದು ನಾನು ಮೊದಲ ಓದಿನಲ್ಲಿ ಹಿಗ್ಗಿದ್ದುಂಟು.

ಎರಡನೆಯ ಓದಿನಲ್ಲಿ ಆ ಹಿಗ್ಗು ಇಳಿಯಿತು. ಭೂಮಿಯಿಂದ ಹೋದ ದೂತ ಮತ್ತು ಆ ಗ್ರಹದ ಎಸ್ಟ್ರಾವೆನ್, ಹಿಮದ ಬಯಲನ್ನು ದಾಟುತ್ತ, ಒಂದೇ ಗುಡಾರದಲ್ಲಿ ರಾತ್ರಿಗಳನ್ನು ಕಳೆಯುತ್ತ, ಮರ್ಯಾದೆಯ ಸಂಬೋಧನೆ ಬಿಟ್ಟು ಹೆಸರು ಹಿಡಿದು ಕರೆಯುವಷ್ಟು ಹತ್ತಿರವಾಗುತ್ತಾರೆ. ಕನ್ನಡದಲ್ಲಿ ಅದು ‘ನೀವು’ ಹೋಗಿ ‘ನೀನು’ ಬರುವ ಗಳಿಗೆ. ಎದುರಿಗಿರುವಾಗ ‘ನೀನು’ ಎಂದು ಕರೆದ ಗೆಳೆತನವನ್ನು, ದೂತನು ಆಮೇಲೆ ತನ್ನ ವರದಿಯಲ್ಲಿ ಬರೆಯುವಾಗ, ಮತ್ತೆ ‘ಅವರು’ ಎಂದು ದೂರ ಕೂರಿಸಲಾರ. ‘ಅವನು’ ಎಂದರೂ ಸುಳ್ಳು, ‘ಅವಳು’ ಎಂದರೂ ಸುಳ್ಳು. ಈ ಕಾದಂಬರಿಯನ್ನು ಕನ್ನಡಕ್ಕೆ ತರಲು ಕುಳಿತವರ ಲೇಖನಿ ಗುಡಾರದ ಆ ಪುಟದಲ್ಲಿ ನಿಂತೇ ನಿಲ್ಲುತ್ತದೆ.

ನಮಸ್ಕಾರ.