ಡೆಗ್ನರ್ ಓಡಿಹೋದ ಭಾನುವಾರ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಆರ್‌ಎಕ್ಸ್ 100 ಓಡಿಸಿದವರೇ ಜಾಸ್ತಿ ಇರಬೇಕು. ಹಾಗಾಗಿ ಟೂ-ಸ್ಟ್ರೋಕ್ ಸದ್ದು ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ, ಅಲ್ವಾ? ಆ ಇಂಜಿನ್ನಿನ ವಿದ್ಯೆ ಜಪಾನಿಗೆ ಹೋದ ಕಥೆಯಲ್ಲಿ ಒಬ್ಬ ರೇಸರ್ ಬರುತ್ತಾರೆ: ಅರ್ನ್ಸ್ಟ್ ಡೆಗ್ನರ್.

ಪೂರ್ವ ಜರ್ಮನಿಯ ಎಂಝಡ್ ಬೈಕ್ ಕಾರ್ಖಾನೆಗೆ ಅವರು ರೇಸ್ ಮಾಡುತ್ತಿದ್ದರು. ಅಲ್ಲಿನ ಇಂಜಿನಿಯರ್ ವಾಲ್ಟರ್ ಕಾಡೆನ್. ಟೂ-ಸ್ಟ್ರೋಕಿನಲ್ಲಿ ಸುಟ್ಟ ಹೊಗೆಯ ಜೊತೆ ಹೊಸ ಪೆಟ್ರೋಲೂ ಆಚೆ ಹೋಗಿಬಿಡುತ್ತದೆ. ಕಾಡೆನ್ ಅದನ್ನು ತಡೆದದ್ದು ಸೈಲೆನ್ಸರ್ ಪೈಪಿನ ಆಕಾರದಿಂದ. ಪೈಪಿನ ಹೊಟ್ಟೆ ಉಬ್ಬುತ್ತದೆ, ಆಮೇಲೆ ಕಿರಿದಾಗುತ್ತದೆ. ಒತ್ತಡದ ಅಲೆ ಆ ಕಿರಿದಾದ ಕಡೆ ಬಡಿದು, ಬಾವಿಯೊಳಗೆ ಕೂಗಿದ ದನಿಯ ಹಾಗೆ ವಾಪಸ್ ಬರುತ್ತದೆ. ಬಂದು, ತಪ್ಪಿಸಿಕೊಂಡು ಹೊರಟ ಪೆಟ್ರೋಲನ್ನು ಮತ್ತೆ ಸಿಲಿಂಡರಿಗೇ ದಬ್ಬುತ್ತದೆ. ಇಂಥ ಪೈಪು ಮೊದಲೂ ಇತ್ತು. ಅದನ್ನು ಪಳಗಿಸಿದವರು ಕಾಡೆನ್. 1961ರಲ್ಲಿ ಅವರ 125 ಸಿಸಿ ಇಂಜಿನ್ 25 ಹಾರ್ಸ್‌ಪವರ್ ಕೊಡುತ್ತಿತ್ತು. ಒಂದು ಲೀಟರ್ ಇಂಜಿನ್ ಗಾತ್ರಕ್ಕೆ ಲೆಕ್ಕ ಹಾಕಿದರೆ 200!

ಆದರೆ ದುಡ್ಡಿಲ್ಲ. ಪಶ್ಚಿಮದ ರೇಸರ್‌ಗಳು ಹೇಗೆ ಬದುಕುತ್ತಾರೆ ಅಂತ ಡೆಗ್ನರ್ ಪ್ರತಿ ರೇಸಿನಲ್ಲೂ ನೋಡುತ್ತಿದ್ದರು. ಸುಜುಕಿಯವರ ಜೊತೆ ಗುಟ್ಟಾಗಿ ಮಾತಾಯಿತು. ಅಷ್ಟರಲ್ಲಿ ಆಗಸ್ಟ್ 13ಕ್ಕೆ ಬರ್ಲಿನ್ನಿನಲ್ಲಿ ಗಡಿ ಮುಚ್ಚಿತು, ಗೋಡೆ ಎದ್ದಿತು.

ಸೆಪ್ಟೆಂಬರ್ 17, ಭಾನುವಾರ. ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್. 125 ಸಿಸಿ ವಿಶ್ವ ಚಾಂಪಿಯನ್‌ಷಿಪ್ ಕೈಗೆಟುಕುವಷ್ಟು ಹತ್ತಿರವಿತ್ತು. ಅದೇ ವಾರಾಂತ್ಯದಲ್ಲಿ ಅವರ ಹೆಂಡತಿ, ಇಬ್ಬರು ಮಕ್ಕಳು ಕಾರಿನ ಡಿಕ್ಕಿಯಲ್ಲಿ ಅಡಗಿ ಪಶ್ಚಿಮ ಜರ್ಮನಿಗೆ ದಾಟಿದರು. ರೇಸಿನಲ್ಲಿ ಡೆಗ್ನರ್ ಇಂಜಿನ್ ಕೈಕೊಟ್ಟಿತು. ಬೇಕೆಂದೇ ಕೆಡಿಸಿದರು ಅಂತ ಎಂಝಡ್‌ನವರು ದೂರಿದರು. ಗೆಲ್ಲುವ ಹೊತ್ತಲ್ಲಿ ಯಾರಾದರೂ ಸುಮ್ನೆ ಪ್ರಶಸ್ತಿ ಬಿಡುತ್ತಾರಾ? ನಾನಂತೂ ಆ ಮಾತು ನಂಬುವುದಿಲ್ಲ. ಅವರು ಅಲ್ಲಿಂದಲೇ ಡೆನ್ಮಾರ್ಕ್ ದಾಟಿ ಹೋಗಿಬಿಟ್ಟರು. ಪೂರ್ವ ಜರ್ಮನಿ ಅವರ ಲೈಸೆನ್ಸ್ ಕಿತ್ತುಕೊಂಡಿತು. ಪ್ರಶಸ್ತಿ ಹೋಂಡಾದ ಟಾಮ್ ಫಿಲಿಸ್ ಪಾಲಾಯಿತು.

ಸ್ವಲ್ಪ ದಿನಕ್ಕೆ ಡೆಗ್ನರ್ ಹಮಾಮಾತ್ಸುವಿನಲ್ಲಿದ್ದರು, ಸುಜುಕಿಯ ಕಾರ್ಖಾನೆಯಲ್ಲಿ. ಕಾಡೆನ್ ವಿದ್ಯೆ ತಲೆಯಲ್ಲೇ ಇತ್ತು. 1962ರಲ್ಲಿ ಐಲ್ ಆಫ್ ಮ್ಯಾನ್ ಟಿಟಿಯ 50 ಸಿಸಿ ರೇಸ್ ಗೆದ್ದರು, ಆ ವರ್ಷವೇ 50 ಸಿಸಿ ವಿಶ್ವ ಚಾಂಪಿಯನ್ ಆದರು. ಸುಜುಕಿಗೆ ಅದು ಮೊದಲ ವಿಶ್ವ ಪ್ರಶಸ್ತಿ.

ಮುಂದಿನ ವರ್ಷ ಸುಜುಕಾ ಟ್ರ್ಯಾಕಿನಲ್ಲಿ 250 ಸಿಸಿ ಬೈಕು ಉರುಳಿ ಬೆಂಕಿ ಹತ್ತಿತು. ಮೈ ಮುಖವೆಲ್ಲ ಸುಟ್ಟು, ಮತ್ತೆ ಮತ್ತೆ ಚರ್ಮದ ಕಸಿ ಮಾಡಿಸಿಕೊಳ್ಳಬೇಕಾಯಿತು. ಮತ್ತೆ ಓಡಿಸಿದರು, ಗೆದ್ದರು ಕೂಡ. ಆದರೆ ಹಳೆಯ ಡೆಗ್ನರ್ ಬರಲಿಲ್ಲ. ಟಿವಿಯಲ್ಲಿ ಫಾರ್ಮುಲಾ ಒನ್ ನೋಡುವವರು ಸುಜುಕಾದ ‘ಡೆಗ್ನರ್ ಕರ್ವ್’ ಹೆಸರು ಕೇಳಿರುತ್ತೀರಿ. ಅದು ಇವರದ್ದೇ. 1983ರಲ್ಲಿ ಟೆನೆರಿಫ್‌ನಲ್ಲಿ ತೀರಿಕೊಂಡರು.

ಕಳ್ಳ ಅಂದವರಿದ್ದಾರೆ, ಧೈರ್ಯವಂತ ಅಂದವರೂ ಇದ್ದಾರೆ. ಗೋಡೆಯೊಳಗೆ ಹೆಂಡತಿ ಮಕ್ಕಳಿದ್ದ ಮನುಷ್ಯನನ್ನು ಕಳ್ಳ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ನನಗೆ ಜಾಸ್ತಿ ಸಂಕಟವಾಗುವುದು ಕಾಡೆನ್ ವಿಷಯಕ್ಕೆ. ಅವರು ಅಲ್ಲೇ ಉಳಿದರು, ಅದೇ ಸಣ್ಣ ಬಜೆಟ್ಟಿನಲ್ಲಿ ದುಡಿದರು. 1963ರಲ್ಲಿ ಕಾಡೆನ್ ಮಾಡಿದ ಬೈಕಿನಲ್ಲಿ ಇಂಗ್ಲೆಂಡಿನ ರೇಸರ್ ಮೈಕ್ ಹೇಲ್‌ವುಡ್ ಪೂರ್ವ ಜರ್ಮನಿಯ ಸಾಕ್ಸೆನ್‌ರಿಂಗ್ ಟ್ರ್ಯಾಕಿನಲ್ಲಿ ಗೆದ್ದರು. ಎಂಝಡ್‌ಗೆ ವಿಶ್ವ ಪ್ರಶಸ್ತಿ ಮಾತ್ರ ಕೊನೆಗೂ ಸಿಗಲಿಲ್ಲ.