ನೀರಿಗಿಳಿಯುವ ಮೊದಲೇ ಬರೆದಿಟ್ಟ ತೀರ್ಪು

ಈಗ ನೀವು ನೋಡುತ್ತಿರುವುದು ಮುರುಡೇಶ್ವರದಿಂದ ನೇತ್ರಾಣಿ ದ್ವೀಪದತ್ತ ಹೊರಟ ದೋಣಿಯ ಹಿಂಬದಿ. 123 ಅಡಿಯ ಶಿವನ ಪ್ರತಿಮೆ ಕಿರಿದಾಗುತ್ತಾ ಹೋಗುತ್ತಿದೆ. ನನ್ನ ಕಾಲ ಬಳಿಯಿರುವ ಚೀಲದಲ್ಲಿ, ಹೊಸ ರಬ್ಬರಿನ ವಾಸನೆ ಇನ್ನೂ ಆರದ ಒಂದು ವಿಂಗ್, ಅಂದರೆ ಸ್ಕೂಬಾ ಡೈವಿಂಗ್‌ನಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಚೀಲ, ಮತ್ತು ಅದನ್ನು ಬಿಗಿಯುವ ಉಕ್ಕಿನ ಬ್ಯಾಕ್‌ಪ್ಲೇಟ್ ಇವೆ. ಇವನ್ನು ಒಮ್ಮೆಯೂ ನೀರಿಗೆ ಇಳಿಸುವ ಮೊದಲೇ ನಾನು ಇವುಗಳ ಬಗ್ಗೆ ಖಚಿತ ಅಭಿಪ್ರಾಯಗಳನ್ನು ಕಟ್ಟಿಕೊಂಡಿದ್ದೆ, ಗೆಳೆಯರಿಗೆ ಹೇಳಿಯೂ ಆಗಿತ್ತು. ಕೂಸು ಹುಟ್ಟುವ ಮುಂಚೆ ಹೊಲಿಸಿದ ಆ ಕುಲಾವಿ ಎಲ್ಲಿ ಸರಿಹೊಂದಿತು, ಎಲ್ಲಿ ಬಿಗಿಯಾಯಿತು ಎಂಬುದೇ ಇಂದಿನ ವಿಷಯ.

ಸ್ಕೂಬಾ ಕಲಿಯುವಾಗ ನಮಗೆ ಸಾಮಾನ್ಯವಾಗಿ ಕೊಡುವುದು ಜಾಕೆಟ್ ಮಾದರಿಯ ಬಿಸಿಡಿ, ಅಂದರೆ ಗಾಳಿ ತುಂಬಿ, ಬಿಟ್ಟು ತೇಲುವಿಕೆಯನ್ನು ಹೊಂದಿಸಿಕೊಳ್ಳುವ ಉಡುಪು. ಅದರಲ್ಲಿ ಗಾಳಿ ಪಕ್ಕೆಗಳ ಸುತ್ತ ತುಂಬಿಕೊಳ್ಳುತ್ತದೆ. ವಿಂಗ್‌ನಲ್ಲಾದರೋ ಗಾಳಿಯೆಲ್ಲ ಬೆನ್ನಿನ ಹಿಂದೆ, ಸಿಲಿಂಡರಿನ ಎರಡೂ ಬದಿಗೆ ಇರುತ್ತದೆ. ಫ್ಲೋರಿಡಾದ ನೀರುಗುಹೆಗಳಲ್ಲಿ ಇಳಿಯುವವರ ನಡುವೆ ಬೆಳೆದ ಈ ಏರ್ಪಾಟು ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಅದರ ಬೆನ್ನಿಗೇ ಒಂದು ಮಾತೂ ಹರಡಿದೆ: ನೀರಿನ ಮೇಲೆ ಬಂದಾಗ ವಿಂಗ್ ನಮ್ಮನ್ನು ಮುಂದಕ್ಕೆ ತಳ್ಳಿ ಮುಖವನ್ನು ನೀರಿಗೆ ಅದ್ದುತ್ತದೆ ಎಂದು. ನಾನು ಅದನ್ನು ಎಷ್ಟು ಸಲ ಕೇಳಿದ್ದೆನೆಂದರೆ, ಕೊನೆಗೆ ಅದು ನನ್ನದೇ ಅನುಭವವೆಂಬಂತೆ ಹೇಳತೊಡಗಿದ್ದೆ.

ಮೊದಲು ಸರಿಹೊಂದಿದ್ದನ್ನು ಹೇಳುತ್ತೇನೆ. ಜಾಕೆಟ್ ತೊಟ್ಟು, 3 ಮಿಲಿಮೀಟರಿನ ವೆಟ್‌ಸೂಟ್ ಧರಿಸಿ ಇಳಿಯುವಾಗ, ತೇಲದೆ ಮುಳುಗಲು ನನಗೆ 6 ಕಿಲೋ ಸೀಸ ಬೇಕಾಗುತ್ತಿತ್ತು. ಈ ಪ್ಲೇಟಿನ ತೂಕ ಸುಮಾರು 2.5 ಕಿಲೋ. ಉಕ್ಕು ತಾನು ಪಲ್ಲಟಗೊಳಿಸುವ ನೀರಿಗಿಂತ ಏಳೆಂಟು ಪಟ್ಟು ಭಾರವಾದ್ದರಿಂದ ಅದರಲ್ಲಿ 2 ಕಿಲೋಗೂ ಮಿಕ್ಕಿ ನೀರಿನಲ್ಲಿಯೂ ಉಳಿಯುತ್ತದೆ. ಜಾಕೆಟ್ಟಿನ ಮೆತ್ತೆಗಳು ತಾವಾಗಿ ತೇಲುವ ವಸ್ತುಗಳು. ಅವೂ ಈಗ ಇಲ್ಲ. ಊಟದ ಮೇಜಿನ ಮೇಲೆ ಕಾಗದವಿಟ್ಟು ಲೆಕ್ಕ ಹಾಕಿದಾಗ ಮೂರೂವರೆ ಕಿಲೋ ಸೀಸ ಸಾಕೆಂದು ತೋರಿತು. ಇನ್ನೊಂದು ಅಂಶವನ್ನೂ ಸೇರಿಸಿಕೊಂಡಿದ್ದೆ. 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ 50 ಬಾರ್‌ಗೆ ಇಳಿಯುವಷ್ಟರಲ್ಲಿ ಸುಮಾರು 2 ಕಿಲೋ ಗಾಳಿ ಖರ್ಚಾಗಿರುತ್ತದೆ, ಮತ್ತು ಸಿಲಿಂಡರ್ ತಾನೇ ತೇಲಲು ಹವಣಿಸುತ್ತದೆ. ಆದ್ದರಿಂದ ತೂಕ ಸರಿಯಿದೆಯೇ ಎಂದು ನೋಡಬೇಕಾದದ್ದು ಡೈವ್‌ನ ಆರಂಭದಲ್ಲಲ್ಲ, ಕೊನೆಯಲ್ಲಿ. ಈ ದೃಶ್ಯದಲ್ಲಿ ಮಾಪಕ 50ರ ಬಳಿಯಿದೆ, ಆಳ 5 ಮೀಟರ್, ವಿಂಗ್ ಬಹುತೇಕ ಖಾಲಿ. ನಾನು ಮೇಲೂ ಹೋಗುತ್ತಿಲ್ಲ, ಕೆಳಗೂ ಜಾರುತ್ತಿಲ್ಲ. ಕಾಗದದ ಮೇಲೆ ತೀರ್ಮಾನಿಸಬಹುದಾದದ್ದನ್ನು ಕಾಗದ ಸರಿಯಾಗಿಯೇ ತೀರ್ಮಾನಿಸಿತ್ತು.

ಮುಖ ಅದ್ದುವ ಮಾತಿಗೆ ಬರೋಣ. ಮೊದಲ ಡೈವ್ ಮುಗಿಸಿ ಮೇಲೆ ಬಂದವನೇ ಹಳೆಯ ಜಾಕೆಟ್ಟಿನ ರೂಢಿಯಂತೆ ಗಾಳಿ ತುಂಬುವ ಇನ್‌ಫ್ಲೇಟರ್ ಗುಂಡಿಯನ್ನು ಒತ್ತಿ ಹಿಡಿದೆ. ವಿಂಗ್ ಬಿಗಿದುಕೊಂಡಿತು, ಬೆನ್ನು ಮೇಲೆದ್ದಿತು, ಮುಖ ನೀರಿನ ಕಡೆ ಬಾಗಿತು. ನಾನು ಹೇಳಿದ್ದೇ ನಿಜವಾಯಿತೆಂದು, ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಒಂದು ಕ್ಷಣ ಸಂತೋಷವೂ ಆಯಿತು. ಪಕ್ಕದಲ್ಲಿದ್ದ ಡೈವ್‌ಮಾಸ್ಟರ್ ಬಾಯಿಂದ ಉಸಿರಾಟದ ರೆಗ್ಯುಲೇಟರ್ ತೆಗೆದು, "ಸರ್, ಗಾಳಿ ಜಾಸ್ತಿ ಆಯ್ತು, ಅರ್ಧ ಬಿಡಿ, ಆಮೇಲೆ ಕುರ್ಚಿಗೆ ಒರಗಿದ ಹಾಗೆ ಒರಗಿ" ಎಂದರು. ಬಿಟ್ಟೆ, ಒರಗಿದೆ, ಆಕಾಶ ಕಾಣಿಸಿತು. ಎರಡನೆಯ ಡೈವ್‌ಗೆ ಸೊಂಟದ ಮುಂಭಾಗದಲ್ಲಿದ್ದ ಸೀಸವನ್ನು ಬೆನ್ನಿನ ಕಡೆಗೆ ಸರಿಸಿದ ಮೇಲೆ ಆ ತಳ್ಳಾಟ ಇನ್ನಷ್ಟು ಕಡಿಮೆಯಾಯಿತು. ನಾನು ಕೇಳಿದ್ದ ಮಾತು ಸುಳ್ಳಲ್ಲ. ಆದರೆ ಅದು ಉಪಕರಣಕ್ಕಿಂತ ಹೆಚ್ಚಾಗಿ, ತುಂಬಿದ ಗಾಳಿ ಎಷ್ಟು, ಸೀಸ ಎಲ್ಲಿತ್ತು ಎಂಬುದರ ಬಗೆಗಿನ ಮಾತು.

ಮಾಸ್ಕಿನ ವಿಷಯದಲ್ಲಿ ತಪ್ಪು ಇನ್ನೊಂದು ದಿಕ್ಕಿನಲ್ಲಾಯಿತು. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು, ಅದು ಬೀಳದೆ ನಿಂತದ್ದನ್ನು ಮನೆಯ ಕನ್ನಡಿಯಲ್ಲಿ ನೋಡಿ ಭೇಷ್ ಎಂದಿದ್ದೆ. ಆದರೆ ಕನ್ನಡಿಯ ಮುಂದೆ ನನ್ನ ಬಾಯಲ್ಲಿ ರೆಗ್ಯುಲೇಟರ್ ಇರಲಿಲ್ಲ. ಅದನ್ನು ಕಚ್ಚಿದಾಗ ಮೇಲ್ದುಟಿ ಹಿಗ್ಗಿ, ಮೀಸೆಯ ಮೇಲಂಚು ಸಿಲಿಕೋನಿನ ಅಂಚಿನಡಿಗೆ ನುಸುಳುತ್ತದೆ. 12 ಮೀಟರ್ ಆಳದಲ್ಲಿ ಮೂಗಿನ ಬುಡಕ್ಕೆ ಉಪ್ಪುನೀರು ಎಳೆಯೆಳೆಯಾಗಿ ಇಳಿಯತೊಡಗಿತು. ಮಾಸ್ಕಿನ ಮೇಲಂಚನ್ನು ಒತ್ತಿ ಮೂಗಿನಿಂದ ಊದಿ ಖಾಲಿ ಮಾಡುವುದು, ಮತ್ತೆ ತುಂಬುವುದು, ಹೀಗೇ ಅರ್ಧ ಡೈವ್ ಕಳೆಯಿತು. ಮರುದಿನ ಮೀಸೆಯ ಮೇಲಂಚನ್ನು ಒಂದು ಅಕ್ಕಿಕಾಳಿನಷ್ಟು ಬೋಳಿಸಿದೆ. ಮಾಸ್ಕ್ ಅದೇ, ನೀರು ಬರುವುದು ನಿಂತಿತು.

ಕಾಗದಕ್ಕೆ ಬಿಡಬೇಕಾದದ್ದನ್ನು ಪೂರ್ವಗ್ರಹಕ್ಕೆ ಬಿಟ್ಟವರು ದೊಡ್ಡವರಲ್ಲೂ ಇದ್ದರು. ಆಮ್ಲಜನಕ ಹೆಚ್ಚಿಸಿದ ನೈಟ್ರಾಕ್ಸ್ ಗಾಳಿಯನ್ನು ಬಳಸುವ ಕ್ರಮವನ್ನು ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾ 1979ರ ತನ್ನ ಕೈಪಿಡಿಯಲ್ಲೇ ಪ್ರಕಟಿಸಿತ್ತು. ಆದರೂ 1992ರ ಹೂಸ್ಟನ್ ಡೈವಿಂಗ್ ಪ್ರದರ್ಶನದಿಂದ ನೈಟ್ರಾಕ್ಸ್ ಕಲಿಸುವವರನ್ನು ಹೊರಗಿಡಲು ಅದರ ಸಂಘಟಕರು ಮೊದಲು ನಿರ್ಧರಿಸಿ, ಆಮೇಲೆ ಅದನ್ನು ಹಿಂತೆಗೆದುಕೊಂಡರು. ಇಂದು ಅದು ವಾರಾಂತ್ಯದ ಡೈವರ್‌ಗಳಿಗೂ ಕಲಿಸುವ ಸಾಧಾರಣ ಪಾಠ.

ಈಗ ನನ್ನ ಲಾಗ್‌ಬುಕ್ಕಿನ ಕೊನೆಯ ಪುಟಗಳಲ್ಲಿ, ಹೊಸದಾಗಿ ಏನನ್ನು ತಂದರೂ, ನೀರಿಗಿಳಿಯುವ ಮೊದಲು ನನ್ನ ಅಭಿಪ್ರಾಯವನ್ನು ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಬರೆಯದಿದ್ದರೆ, ಡೈವ್ ಆದ ಮೇಲೆ ನಾನು ಮೊದಲೇ ಹಾಗೆ ಹೇಳಿದ್ದೆನೆಂದು ನನ್ನನ್ನೇ ನಂಬಿಸಿಕೊಳ್ಳುವುದು ಬಹಳ ಸುಲಭ. ಸದ್ಯ ಅಲ್ಲಿರುವ ಕೊನೆಯ ಸಾಲು ಗೆಳೆಯರೊಬ್ಬರು ಕೊಟ್ಟ ಸೀಳು ಫಿನ್‌ಗಳ (ಕಾಲಿಗೆ ತೊಡುವ, ನಡುವೆ ಸೀಳಿರುವ ಈಜುರೆಕ್ಕೆಗಳ) ಬಗ್ಗೆ: "ನೇರ ಒದೆತಕ್ಕೆ ಹಗುರ, ಕಪ್ಪೆಯಂತೆ ಒದೆಯಲು ಹೋದರೆ ಜಾರುತ್ತವೆ." ಮಳೆ ಹಿಡಿದಿದೆ, ದೋಣಿಗಳು ದಡ ಸೇರಿವೆ, ಅಕ್ಟೋಬರ್‌ವರೆಗೆ ಫಿನ್‌ಗಳು ಗೋಡೆಯ ಮೊಳೆಯಲ್ಲೇ ತೂಗುತ್ತವೆ. ಆ ಸಾಲಿನ ಪಕ್ಕದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.